ಅಮ್ಮನ ದನಿ ಕೇಳಿಸಿತು ಅಂದೆ, ಗೆಳತಿ ಮಾತು ಮುಗಿಸೋಕೂ ಬಿಡಲಿಲ್ಲ

ಮುಂಜಾವು

ಬರೆಯಲೋ ಬೇಡವೋ ಅಂತ ಮೂರು ದಿನ ಒದ್ದಾಡಿ ಕೊನೆಗೆ ಬರೆಯುತ್ತಿದ್ದೇನೆ.

ಅಮ್ಮ ಹೋಗಿ ನಾಲ್ಕು ತಿಂಗಳಾಯಿತು. ಮೂರನೇ ತಿಂಗಳಲ್ಲಿ ಒಂದು ದಿನ ಬೆಳಗಿನ ಜಾವ ನಾಲ್ಕೂವರೆ ಹೊತ್ತಿಗೆ ಎಚ್ಚರವಾಯಿತು. ಬಾಯಾರಿಕೆ ಆಗಿತ್ತು. ಎದ್ದು ಕೂತು ದೀಪ ಹಾಕಿದೆ. ಆಗ ಪಕ್ಕದ ಕೋಣೆಯಿಂದ ಅಮ್ಮ ನನ್ನ ಹೆಸರು ಕರೆದಳು. ನನಗೆ ಮನೆಯಲ್ಲಿ ಒಂದು ಚಿಕ್ಕ ಹೆಸರಿದೆ. ಅದನ್ನು ಕೊನೆಯಲ್ಲಿ ಸ್ವಲ್ಪ ಎಳೆದು ಕರೆಯುತ್ತಿದ್ದವಳು ಅವಳೊಬ್ಬಳೇ. ಹಾಗೇ ಕರೆದಳು. ಒಂದೇ ಸಲ. ಭಯ ಆಗಲಿಲ್ಲ. "ಬಂದೆ" ಅಂತ ಬಾಯಿಗೆ ಬಂದೇಬಿಟ್ಟಿತು. ಆಮೇಲೆ ನೆನಪಾಯಿತು.

ಮೂರು ವಾರ ಯಾರಿಗೂ ಹೇಳಲಿಲ್ಲ. ಕೊನೆಗೆ ನನ್ನ ಇಬ್ಬರು ಗೆಳತಿಯರಿಗೆ ಹೇಳಿದೆ. ಹದಿನಾಲ್ಕು ವರ್ಷದ ಸ್ನೇಹ ನಮ್ಮದು. ಅಮ್ಮ ಆಸ್ಪತ್ರೆಯಲ್ಲಿದ್ದಾಗ ರಾತ್ರಿಯೆಲ್ಲ ಜೊತೆಗೆ ಕೂತವರು. ನಾನು "ಪಕ್ಕದ ಕೋಣೆಯಿಂದ" ಅನ್ನುವಷ್ಟರಲ್ಲಿ ಒಬ್ಬಳು, "ಅದು ನಿದ್ದೆಗಣ್ಣು ಕಣೇ, ದುಃಖದಲ್ಲಿ ಮೆದುಳು ಹೀಗೆಲ್ಲ ಮಾಡತ್ತೆ" ಅಂದಳು. ಇನ್ನೊಬ್ಬಳು ಫೋನ್ ನೋಡುತ್ತಾ ಕೂತಳು. ಅಮ್ಮ ಹೇಗೆ ಕರೆದಳು ಅಂತ ಹೇಳುವುದಕ್ಕೆ ಬಂದವಳು ನಾನು. ಅದನ್ನು ಹೇಳಲೇ ಇಲ್ಲ.

ಮತ್ತೆ ನಾನೂ ತಪ್ಪು ಮಾಡಿದೆ. "ನಿಂಗೇನು ಗೊತ್ತು, ನಿಮ್ಮಮ್ಮ ಇನ್ನೂ ಇದ್ದಾರಲ್ಲ" ಅಂದುಬಿಟ್ಟೆ. ಅವಳ ಮುಖ ಬಿಳಿಚಿಕೊಂಡಿತು. ಇವತ್ತಿಗೆ ಹನ್ನೊಂದು ದಿನ, ಒಂದು ಮೆಸೇಜ್ ಇಲ್ಲ, ಆ ಕಡೆಯಿಂದಲೂ ಇಲ್ಲ, ಈ ಕಡೆಯಿಂದಲೂ ಇಲ್ಲ.

ನಾನು ದೆವ್ವ ಭೂತ ನಂಬುವವಳಲ್ಲ. ಅಮ್ಮ ನಿಜವಾಗಿ ಬಂದಿದ್ದಳು ಅಂತ ನಾನು ಹೇಳಲೂ ಇಲ್ಲ. ಅದೇನು ಅಂತ ನನಗೇ ತಿಳಿಯದು. ನನಗೆ ತಿಳಿಯದ್ದು ಅವಳಿಗೆ ಅಷ್ಟು ಬೇಗ ತಿಳಿದುಬಿಟ್ಟಿತಲ್ಲ, ಅದು ಚುಚ್ಚುತ್ತಿದೆ. ನಿಮಗೆ ಹೀಗೆ ಆಗಿದೆಯಾ? ನಂಬದ ಸ್ನೇಹಿತರ ಹತ್ತಿರ ಇಂಥದ್ದನ್ನು ಹೇಗೆ ಮಾತಾಡುತ್ತೀರಿ? ಅಥವಾ ಹೇಳದೇ ಇರುವುದೇ ವಾಸಿಯಾ?

ಪುಟ್ಟ ಹೆಜ್ಜೆ

ಅಕ್ಕ, ಓದಿ ಗಂಟಲು ಕಟ್ಟಿತು. ಉತ್ತರ ನನಗೂ ಗೊತ್ತಿಲ್ಲ. ಆದರೆ ಹೇಳದೇ ಇರಬೇಡಿ. ಇಲ್ಲಿಯಾದರೂ ಹೇಳಿ. ಅಮ್ಮ ಹೇಗೆ ಕರೆದರು ಅಂತ ನಾವು ಕೇಳುತ್ತೇವೆ.

ಹಳೇ ಗಡಿಯಾರ

ತಾಯಿ, ನನಗೆ ಅರವತ್ತೆಂಟು. ನನ್ನ ಹೆಂಡತಿ ಹೋಗಿ ಆರು ವರ್ಷ ಆಯಿತು. ಮೊದಲ ವರ್ಷ ಸಂಜೆ ಹೊತ್ತಿಗೆ ಅವಳು ಬಾಗಿಲ ಚಿಲಕ ತೆಗೆಯುವ ಸದ್ದು ಕೇಳುತ್ತಿತ್ತು. ಚಿಲಕ ಸ್ವಲ್ಪ ಬಿಗಿ, ಅವಳು ಯಾವಾಗಲೂ ಎರಡು ಸಲ ಎಳೆಯುತ್ತಿದ್ದಳು. ಎರಡು ಸಲವೇ ಕೇಳುತ್ತಿತ್ತು. ಮಕ್ಕಳಿಗೆ ಹೇಳಲಿಲ್ಲ. ಅಪ್ಪನಿಗೆ ಅರಳುಮರಳು ಅಂದುಕೊಳ್ಳುತ್ತಾರೆ ಅಂತ ಹೆದರಿಕೆ.

ಆಮೇಲೆ ಒಂದು ವಿಷಯ ಓದಿದೆ, ನಿಮಗೂ ಹೇಳಬೇಕು. ವೇಲ್ಸ್ ಸೀಮೆಯಲ್ಲಿ ಡ್ಯೂಯಿ ರೀಸ್ ಅಂತ ಒಬ್ಬ ವೈದ್ಯರಿದ್ದರು. ಗಂಡನನ್ನೋ ಹೆಂಡತಿಯನ್ನೋ ಕಳೆದುಕೊಂಡ 293 ಜನರನ್ನು ಅವರು ಕೂರಿಸಿಕೊಂಡು ಮಾತಾಡಿಸಿದರು. 1971ರಲ್ಲಿ ಅದನ್ನು ಬ್ರಿಟನ್ನಿನ ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. ಹತ್ತಿರ ಹತ್ತಿರ ಅರ್ಧದಷ್ಟು ಜನಕ್ಕೆ ಇಂಥ ಅನುಭವ ಆಗಿತ್ತು. ಹಲವರಿಗೆ ಹೋದವರು ಪಕ್ಕದಲ್ಲೇ ಇದ್ದ ಹಾಗೆ ಅನಿಸಿತ್ತು, ಕೆಲವರಿಗೆ ದನಿ ಕೇಳಿತ್ತು, ಕೆಲವರಿಗೆ ಕಂಡೂ ಇತ್ತು. ಹೆಚ್ಚಿನವರಿಗೆ ಅದರಿಂದ ನೆಮ್ಮದಿಯೇ ಸಿಕ್ಕಿತ್ತು. ಇನ್ನೊಂದು ಮಾತು, ಇದೇ ನನ್ನ ಕಣ್ಣಲ್ಲಿ ನೀರು ತಂದದ್ದು. ಅವರಲ್ಲಿ ಬಹಳ ಜನ ಅದನ್ನು ಯಾರ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ. ವೈದ್ಯರು ಕೇಳಿದ ಮೇಲೆ ಹೇಳಿದರು.

ಅದನ್ನು ಓದಿದ ದಿನ ದೊಡ್ಡ ಮಗಳನ್ನು ಕೂರಿಸಿಕೊಂಡು ಚಿಲಕದ ವಿಷಯ ಹೇಳಿದೆ. ಅವಳು ಏನೂ ವಿವರಿಸಲಿಲ್ಲ. "ಎರಡು ಸಲವಾ ಅಪ್ಪಾ?" ಅಂತ ಕೇಳಿದಳು. ಹೂಂ ಅಂದೆ. ಸುಮ್ಮನೆ ಇಬ್ಬರೂ ಅತ್ತೆವು.

ನೇರಮಾತು

ನಾನು ನಿಮ್ಮ ಆ ಗೆಳತಿಯಂಥವನು. ಅವಳ ಕಡೆಯಿಂದ ಮಾತಾಡಬೇಕು ಅನಿಸಿತು. ಬೇಸರ ಮಾಡಿಕೊಳ್ಳಬೇಡಿ.

ಕೆಲವು ವರ್ಷದ ಹಿಂದೆ ನನ್ನ ಹತ್ತಿರದ ಸ್ನೇಹಿತೆಯೊಬ್ಬಳು ಫೋನ್ ಮಾಡಿದಳು. ರಾತ್ರಿ ಕಣ್ಣು ಬಿಟ್ಟರೆ ಕೈಕಾಲು ಆಡುತ್ತಿಲ್ಲ, ಎದೆ ಮೇಲೆ ಭಾರ, ಮಂಚದ ಪಕ್ಕ ಯಾರೋ ನಿಂತಿದ್ದಾರೆ ಅಂದಳು. ನನಗೆ ಅದು ಗೊತ್ತಿದ್ದ ವಿಷಯ. ಗಾಢವಾಗಿ ಕನಸು ಬೀಳುವ ಹೊತ್ತಿನ ನಿದ್ದೆಯಲ್ಲಿ ಮೈಯ ಸ್ನಾಯುಗಳು ಸಡಿಲ ಬಿದ್ದಿರುತ್ತವೆ. ಕನಸಿನಲ್ಲಿ ಓಡಿದರೂ ಕಾಲು ಓಡಬಾರದಲ್ಲ, ಅದಕ್ಕೆ. ಮೈಗಿಂತ ಮೊದಲು ಮನಸ್ಸಿಗೆ ಎಚ್ಚರವಾದರೆ ಸ್ವಲ್ಪ ಹೊತ್ತು ಅಲ್ಲಾಡೋಕೆ ಆಗುವುದಿಲ್ಲ, ಕನಸಿನ ತುಂಡುಗಳು ಎದುರಿಗಿರುವ ಕೋಣೆಯೊಳಕ್ಕೆ ನುಗ್ಗುತ್ತವೆ. ಎದೆ ಭಾರ, ಕೋಣೆಯಲ್ಲಿ ಯಾರೋ ಇದ್ದಾರೆ ಅನ್ನುವ ಭಾವ, ಇವೆರಡೂ ಜಗತ್ತಿನಾದ್ಯಂತ ಜನ ಹೇಳುವಂಥವು. ಕೆನಡಾದ ನ್ಯೂಫೌಂಡ್‌ಲ್ಯಾಂಡಿನಲ್ಲಿ ಇದನ್ನು ಮುದುಕಿ ಬಂದು ಎದೆ ಮೇಲೆ ಕೂತಳು ಅನ್ನುತ್ತಾರೆ. ಜಪಾನಿನಲ್ಲಿ ಇದಕ್ಕೆ ಕನಾಶಿಬಾರಿ ಅನ್ನುವ ಹೆಸರೇ ಇದೆ.

ಇದನ್ನೆಲ್ಲ ಅವಳಿಗೆ ಹೇಳಿದೆ. ಅವಳು ಇನ್ನೂ ನಡುಗುತ್ತಿದ್ದಾಗಲೇ ಹೇಳಿದೆ. ಹೇಳಿದ್ದೆಲ್ಲ ಸರಿಯೇ ಇತ್ತು. ಎರಡು ವರ್ಷ ಅವಳು ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಆಮೇಲೆ ಒಂದು ದಿನ ಹೇಳಿದಳು, "ಅದು ಮಂಚದ ಯಾವ ಕಡೆ ನಿಂತಿತ್ತು ಅಂತಾದರೂ ಕೇಳಬಹುದಿತ್ತು ನೀನು. ಒಂದು ಪ್ರಶ್ನೆ ಕೇಳಲಿಲ್ಲ."

ಯಾಕೆ ಕೇಳಲಿಲ್ಲ ಅಂತ ನಾನೇ ಆಮೇಲೆ ಯೋಚಿಸಿದೆ. ಅವಳು ಹೆದರಿದ್ದು ಕೇಳಿ ನನಗೆ ಹೆದರಿಕೆ ಆಗಿತ್ತು. ಬೇಗ ಒಂದು ಹೆಸರಿಟ್ಟರೆ ಇಬ್ಬರಿಗೂ ಸಮಾಧಾನ ಅಂದುಕೊಂಡೆ. ಸಮಾಧಾನ ಆದದ್ದು ನನಗೆ ಮಾತ್ರ. ನಿಮ್ಮ ಗೆಳತಿ ಆಸ್ಪತ್ರೆಯಲ್ಲಿ ರಾತ್ರಿ ಕೂತವಳು ಅಂದಿರಿ. ನೀವು ಅಮ್ಮನ ದನಿ ಕೇಳಿದೆ ಅಂದಾಗ ಅವಳಿಗೆ ನಿಮ್ಮ ಬಗ್ಗೆ ದಿಗಿಲಾಗಿರಬಹುದು ಅಂತ ನನಗೆ ಅನಿಸುತ್ತದೆ.

ಎಚ್ಚರ ಮತ್ತು ನಿದ್ದೆಯ ಗಡಿಯಲ್ಲಿ ಯಾರೋ ತಮ್ಮ ಹೆಸರು ಕರೆದಂತೆ ಕೇಳುವುದು ಬಹಳ ಜನರಿಗೆ ಆಗುವ ಸಂಗತಿ. ಇದನ್ನು ಈಗ ಹೇಳಬಹುದು ಅಂತ ಹೇಳುತ್ತಿದ್ದೇನೆ. ಬೇಡವಾದರೆ ಬಿಟ್ಟುಬಿಡಿ.

ಮುಂಜಾವು

ಬೇಡ ಅಂತ ಅನಿಸಲಿಲ್ಲ. ಇದೇ ಮಾತನ್ನು ಅವಳ ಬಾಯಲ್ಲಿ ಕೇಳಿದಾಗ ಕೆನ್ನೆಗೆ ಹೊಡೆದಂತಾಗಿತ್ತು. ನೀವು ಹೇಳಿದಾಗ ಹಾಗಾಗಲಿಲ್ಲ. ಯಾಕೆ ಅಂತ ಬೆಳಗಿನಿಂದ ಯೋಚಿಸುತ್ತಿದ್ದೇನೆ. ನೀವು ನಾನು ಬರೆದದ್ದನ್ನು ಕೊನೆವರೆಗೂ ಓದಿ ಆಮೇಲೆ ಹೇಳಿದಿರಿ, ಬಹುಶಃ ಅಷ್ಟೇ ವ್ಯತ್ಯಾಸ.

ಆದರೆ ನಾನು ಎದ್ದು ಕೂತಿದ್ದೆ, ದೀಪ ಹಾಕಿದ್ದೆ. ಗಡಿಯಲ್ಲಿ ಇರಲಿಲ್ಲ. ಇದೊಂದು ಮಾತ್ರ ನನಗೆ ಖಚಿತ.

ಗಡಿಯಾರದ ಅಪ್ಪಾಜಿ, ನಿಮ್ಮ ಚಿಲಕದ ಮಾತು ಓದಿ ಬಹಳ ಹೊತ್ತು ಸುಮ್ಮನೆ ಕೂತೆ. ನಮಸ್ಕಾರ ನಿಮಗೆ.

ಸಂಜೆ ಬಿಸಿಲು

ನನ್ನದು ಬೇರೆ ಥರದ ಅನುಭವ. ಆದರೆ ನೋವು ಇದೇ.

ಐದು ವರ್ಷದಿಂದ ನನಗೆ ಮೈಯೆಲ್ಲ ನೋವು. ರಕ್ತ ಪರೀಕ್ಷೆ, ಸ್ಕ್ಯಾನ್, ಎಲ್ಲದರಲ್ಲೂ "ಏನಿಲ್ಲ" ಅಂತ ಬಂತು. ಏನಿಲ್ಲ ಅಂತ ಬಂದ ದಿನ ಬೇರೆಯವರು ಖುಷಿ ಪಡುತ್ತಾರೆ. ನಾನು ಅತ್ತೆ. ಕಾಗದದಲ್ಲಿ ಏನಿಲ್ಲ ಅಂದಮೇಲೆ ನನ್ನ ಮಾತು ಯಾರು ನಂಬುತ್ತಾರೆ? ಒಬ್ಬ ಸ್ನೇಹಿತೆ ನೇರವಾಗಿ ಅಂದಳು, "ಮೊನ್ನೆ ಎಲ್ಲರ ಜೊತೆ ಅಷ್ಟು ನಗ್ತಿದ್ದೆ, ಇವತ್ತು ಏಳೋಕೆ ಆಗಲ್ಲ ಅಂತೀಯಲ್ಲ." ಮೊನ್ನೆ ನಕ್ಕಿದ್ದಕ್ಕೇ ಇವತ್ತು ಏಳಲಾಗದ್ದು. ನಾಲ್ಕು ಗಂಟೆ ನಗುತ್ತಾ ನಿಂತರೆ ಎರಡು ದಿನ ಮಲಗಬೇಕು, ಇದು ನನ್ನ ಲೆಕ್ಕ. ಅವಳಿಗೆ ಕಂಡದ್ದು ನಾಲ್ಕು ಗಂಟೆ ಮಾತ್ರ. ಎರಡು ದಿನ ಬಾಗಿಲ ಹಿಂದೆ ಇತ್ತು.

ಮಿರಾಂಡಾ ಫ್ರಿಕರ್ ಅನ್ನುವ ಇಂಗ್ಲೆಂಡಿನ ತತ್ವಶಾಸ್ತ್ರಜ್ಞೆ 2007ರಲ್ಲಿ ಇದರ ಬಗ್ಗೆ ಒಂದು ಇಡೀ ಪುಸ್ತಕ ಬರೆದಿದ್ದಾರೆ. ಹೇಳುವವರು ಯಾರು ಅನ್ನುವುದನ್ನು ನೋಡಿ, ಕೇಳುವವರು ತಮಗೇ ಗೊತ್ತಿಲ್ಲದ ಹಾಗೆ ಅವರ ಮಾತಿನ ತೂಕ ಇಳಿಸಿಬಿಡುತ್ತಾರೆ. ಅದು ಒಂದು ಅನ್ಯಾಯ ಅಂತ ಅವರ ವಾದ. ಅದನ್ನು ತಿಳಿದ ಮೇಲೆ ನನಗೆ ಉಸಿರಾಡಿದಂತಾಯಿತು. ನನ್ನದು ಹಟವೂ ಅಲ್ಲ, ಸೂಕ್ಷ್ಮ ಸ್ವಭಾವವೂ ಅಲ್ಲ. ಅದಕ್ಕೊಂದು ಹೆಸರಿದೆ.

ಆ ಸ್ನೇಹಿತೆಯ ಜೊತೆ ಮಾತಾಡಿದ್ದು ಹೀಗೆ. "ನೋವಿದೆ" ಅನ್ನುವುದನ್ನು ಬಿಟ್ಟೆ. ನೋವು ಎಷ್ಟು ಅಂತ ಇನ್ನೊಬ್ಬರಿಗೆ ತೋರಿಸಲು ಆಗುವುದಿಲ್ಲ. "ಇವತ್ತು ಬಾಟಲಿ ಮುಚ್ಚಳ ತೆಗೆಯೋಕೆ ಆಗಲಿಲ್ಲ", "ಕೂದಲು ಬಾಚಲು ಕೈ ಎತ್ತಲಾಗಲಿಲ್ಲ" ಅಂತ ಹೇಳತೊಡಗಿದೆ. ಒಂದು ದಿನ ಅವಳೇ ಬಂದು ತಲೆ ಬಾಚಿದಳು. ನಂಬಿದಳೋ ಇಲ್ಲವೋ ಕೇಳಲಿಲ್ಲ. ಕೇಳುವ ಅಗತ್ಯ ಬೀಳಲಿಲ್ಲ.

ಬೆಂಕಿಪೊಟ್ಟಣ

ನೀವೆಲ್ಲ ತುಂಬಾ ಒಳ್ಳೆಯವರು. ನನಗನಿಸುವುದು ನೇರ. ಸ್ನೇಹಿತೆ ಅಂದಮೇಲೆ ನಂಬಬೇಕು. ಕೋರ್ಟಿನಲ್ಲಿ ಸಾಕ್ಷಿ ಕೇಳುತ್ತಾರೆ, ಸ್ನೇಹದಲ್ಲಿ ಯಾಕೆ ಕೇಳಬೇಕು? ತಾಯಿ ಕಳೆದುಕೊಂಡವಳ ಮಾತನ್ನು ಅರ್ಧಕ್ಕೆ ಕತ್ತರಿಸಿದವಳಿಗೆ ಇವರೇ ಯಾಕೆ ಮೊದಲು ಫೋನ್ ಮಾಡಬೇಕು? ಹನ್ನೊಂದು ದಿನ ಅವಳೂ ಸುಮ್ಮನೆ ಇದ್ದಾಳಲ್ವಾ?

ನೀಲಿ ಕೊಡೆ

ಬೆಂಕಿಪೊಟ್ಟಣ, ನಿಮ್ಮ ಸಿಟ್ಟು ಅರ್ಥವಾಗುತ್ತದೆ. ಆದರೆ ನಂಬದ ಸ್ನೇಹಿತೆಯಿಂದ ನನಗೆ ಒಳ್ಳೆಯದಾದ ಕತೆ ಒಂದಿದೆ.

ಚಿಕ್ಕವಳಿದ್ದಾಗ ನಾನು ಕೆರೆಗೆ ಬಿದ್ದೆ, ಅಜ್ಜ ಹಾರಿ ಎತ್ತಿದರು. ಈ ಕತೆಯನ್ನು ಇಪ್ಪತ್ತು ವರ್ಷ ಎಲ್ಲರಿಗೂ ಹೇಳಿದ್ದೇನೆ. ನೀರಿನ ಹಸಿರು ಬಣ್ಣ, ಅಜ್ಜನ ಒದ್ದೆ ಅಂಗಿಯ ವಾಸನೆ, ಎಲ್ಲ ನೆನಪಿದೆ. ನನ್ನ ಬಾಲ್ಯದ ಗೆಳತಿ ಮಾತ್ರ ಪ್ರತಿ ಸಲ "ಬಿದ್ದದ್ದು ನಿಮ್ಮ ಅಣ್ಣ ಅಲ್ವೇನೇ?" ಅನ್ನುತ್ತಿದ್ದಳು. ಒಂದು ಸಲ ಜೋರು ಜಗಳವೇ ಆಯಿತು. ನನ್ನ ಜೀವನದ ಬಗ್ಗೆ ಇವಳು ಯಾರು ಹೇಳೋಕೆ ಅನ್ನಿಸಿತು. ಅಜ್ಜ ತೀರಿಕೊಂಡ ಮೇಲೆ ಅವರ ದಿನಚರಿ ಸಿಕ್ಕಿತು. ಅದರಲ್ಲಿ ಅಣ್ಣನ ಹೆಸರಿತ್ತು. ನಾನು ದಡದಲ್ಲಿ ಅಳುತ್ತಾ ನಿಂತಿದ್ದೆನಂತೆ.

ನಾನು ಸುಳ್ಳು ಹೇಳಿರಲಿಲ್ಲ. ಈಗಲೂ ಕಣ್ಣು ಮುಚ್ಚಿದರೆ ಹಸಿರು ನೀರು ಕಾಣುತ್ತದೆ.

ಚಾಲೆಂಜರ್ ಅಂತರಿಕ್ಷ ನೌಕೆ ಸಿಡಿದದ್ದು 1986ರ ಜನವರಿ 28ರಂದು. ಅಮೆರಿಕದ ಎಮೊರಿ ವಿಶ್ವವಿದ್ಯಾಲಯದಲ್ಲಿ ಉಲ್ರಿಕ್ ನೈಸರ್ ಅನ್ನುವ ಮನಃಶಾಸ್ತ್ರಜ್ಞರು ಮಾರನೇ ದಿನವೇ ವಿದ್ಯಾರ್ಥಿಗಳಿಂದ ಬರೆಸಿಕೊಂಡರು. ಸುದ್ದಿ ತಿಳಿದಾಗ ಎಲ್ಲಿದ್ದೆ, ಯಾರು ಹೇಳಿದರು, ಏನು ಮಾಡುತ್ತಿದ್ದೆ ಅಂತ. ಸುಮಾರು ಎರಡೂವರೆ ವರ್ಷ ಬಿಟ್ಟು ಅದೇ ಹುಡುಗರನ್ನು ಮತ್ತೆ ಕೇಳಿದರು. ಹಲವರು ಬೇರೆಯೇ ಕತೆ ಹೇಳಿದರು. ಹೇಳಿದ್ದು ಅಳುಕಿಲ್ಲದೆ, ಪೂರ್ತಿ ನಂಬಿಕೆಯಿಂದ. ಅವರದೇ ಕೈಬರಹ ತೋರಿಸಿದರೂ ಹಳೆ ನೆನಪು ಮರಳಲಿಲ್ಲ.

"ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು" ಅಂತ ನಮ್ಮಲ್ಲಿ ಗಾದೆಯೇ ಇದೆ. ಚಿಕ್ಕಂದಿನಲ್ಲಿ ಅದನ್ನು ಬೇರೆಯವರಿಗೆ ಹೇಳುವ ಬುದ್ಧಿಮಾತು ಅಂದುಕೊಂಡಿದ್ದೆ. ಆ ದಿನಚರಿ ಓದಿದ ಮೇಲೆ ಮೊದಲು ನನಗೆ ಹೇಳಿಕೊಳ್ಳುತ್ತೇನೆ. ನನ್ನ ಗೆಳತಿ ಇಪ್ಪತ್ತು ವರ್ಷ ನನ್ನ ಮಾತಿಗೆ ತಲೆ ಆಡಿಸಿದ್ದರೆ ನಾನು ಅವಳನ್ನು ಇಷ್ಟು ನೆಚ್ಚುತ್ತಿರಲಿಲ್ಲ.

ಮುಂಜಾವು, ನಿಮ್ಮದು ಸುಳ್ಳು ನೆನಪು ಅನ್ನುತ್ತಿಲ್ಲ, ದಯವಿಟ್ಟು ಹಾಗೆ ತಿಳಿಯಬೇಡಿ.

ತಂಗಾಳಿ

ನಾನು ಹುಟ್ಟಿದಾಗಿನಿಂದ ಕಣ್ಣು ಮುಚ್ಚಿದರೆ ಕತ್ತಲೆ. ಚಿತ್ರವೇ ಬರುವುದಿಲ್ಲ. ನೀಲಿ ಕೊಡೆಯವರ ಹಸಿರು ನೀರು ನನಗೆ ಯಾವತ್ತೂ ಕಾಣಲಾರದು. "ಮನಸ್ಸಿನ ಕಣ್ಣಲ್ಲಿ ನೋಡಿದೆ" ಅಂತ ಜನ ಹೇಳುವುದು ಬರೀ ಮಾತಿನ ಚಂದಕ್ಕೆ ಅಂತ ಇಪ್ಪತ್ತೊಂಬತ್ತನೇ ವಯಸ್ಸಿನವರೆಗೂ ಅಂದುಕೊಂಡಿದ್ದೆ.

ನನ್ನ ಸ್ಥಿತಿಗೆ ಹೆಸರು ಬಂದದ್ದೇ 2015ರಲ್ಲಿ. ಬ್ರಿಟನ್ನಿನ ನರವೈದ್ಯ ಆಡಮ್ ಝೆಮನ್ ಮತ್ತು ಜೊತೆಗಾರರು ಅದನ್ನು ಅಫ್ಯಾಂಟೇಸಿಯಾ ಅಂತ ಕರೆದರು. ಆದರೆ 1880ರಲ್ಲೇ ಇಂಗ್ಲೆಂಡಿನ ವಿಜ್ಞಾನಿ ಫ್ರಾನ್ಸಿಸ್ ಗಾಲ್ಟನ್ ಜನರಿಗೆ ಪ್ರಶ್ನೆ ಹಂಚಿದ್ದರು, ಬೆಳಗಿನ ಊಟದ ಮೇಜನ್ನು ನೆನೆಸಿಕೊಳ್ಳಿ, ಎಷ್ಟು ಸ್ಪಷ್ಟವಾಗಿ ಕಾಣುತ್ತದೆ ಹೇಳಿ ಅಂತ. ಅವರಿಗೆ ಗೊತ್ತಿದ್ದ ವಿಜ್ಞಾನಿಗಳಲ್ಲಿ ಹಲವರು ಅಂಥ ಚಿತ್ರ ಕಾಣುವುದು ಅನ್ನುವ ಮಾತೇ ವಿಚಿತ್ರ ಅಂದರು. ಬೇರೆಯವರು ಬಣ್ಣ ಸಮೇತ ಕಾಣುತ್ತದೆ ಅಂದರು. ಕಾಣದವರಿಗೆ ಕಾಣುವವರ ಮಾತು ಬರೀ ಕಲ್ಪನೆ ಅನಿಸಿತ್ತು, ಕಾಣುವವರಿಗೆ ಅದರಲ್ಲಿ ಅನುಮಾನ ಪಡುವಂಥದ್ದೇನು ಅಂತ ಅಚ್ಚರಿಯಾಗಿತ್ತು. ಯಾರೂ ಸುಳ್ಳು ಹೇಳುತ್ತಿರಲಿಲ್ಲ.

ನನ್ನ ಗೆಳೆಯನಿಗೆ ಇದನ್ನು ಹೇಳಿದಾಗ ಅವನು ನಂಬಲಿಲ್ಲ. "ಹಾಗಾದರೆ ನಿನಗೆ ನಿನ್ನ ತಂಗಿ ಮುಖ ನೆನಪಿಲ್ವಾ?" ಅಂದ. ತಂಗಿ ಹೋಗಿ ಆಗ ಒಂದು ವರ್ಷವಾಗಿತ್ತು. ಆ ಪ್ರಶ್ನೆಯಿಂದ ನಾನು ಎಷ್ಟು ಕುಸಿದೆ ಅಂತ ಅವನಿಗೆ ಗೊತ್ತಾಗಲಿಲ್ಲ. ನೆನಪಿದೆ. ಅವಳ ಬಲಗೆನ್ನೆಯಲ್ಲಿ ಗುಳಿ ಬೀಳುತ್ತಿತ್ತು ಅಂತ ಗೊತ್ತು. ಕಾಣುವುದಿಲ್ಲ ಅಷ್ಟೆ.

ಅವನ ಜೊತೆ ಇದು ಸರಿಹೋದದ್ದು ನಾನು ವಾದ ಬಿಟ್ಟು ಅವನನ್ನೇ ಕೇಳಿದ ಮೇಲೆ. "ನಿನಗೆ ಹೇಗೆ ಕಾಣತ್ತೆ ಹೇಳು. ದೊಡ್ಡದಾಗಾ? ಬಣ್ಣ ಇರತ್ತಾ? ಕಣ್ಣೆದುರಿಗಾ, ತಲೆಯೊಳಗಾ?" ಅವನಿಗೆ ಉತ್ತರಿಸಲು ತಿಣುಕಾಡಬೇಕಾಯಿತು. ತನ್ನ ತಲೆಯೊಳಗಿನದನ್ನೇ ಹೇಳುವುದು ಇಷ್ಟು ಕಷ್ಟ ಅಂತ ಗೊತ್ತಾದ ಮೇಲೆ ನನ್ನ ಮಾತನ್ನು ತಾಳ್ಮೆಯಿಂದ ಕೇಳಿದ.

ದೂರದ ದೀಪ

ಮೂವತ್ತು ವರ್ಷ ಹಡಗಿನಲ್ಲಿ ದುಡಿದವನು ನಾನು. ನಮ್ಮವರ ಮಾತನ್ನು ನೆಲದವರು ನಂಬದ್ದು ಹಳೇ ಕತೆ. ಸುತ್ತಲಿನ ಅಲೆಗಳಿಗಿಂತ ಎರಡು ಪಟ್ಟು ಎತ್ತರದ ಅಲೆ ಒಂದೇ ಸಲ ಗೋಡೆಯ ಹಾಗೆ ಎದ್ದು ಬರುತ್ತದೆ ಅಂತ ನಾವಿಕರು ತಲೆಮಾರುಗಳಿಂದ ಹೇಳುತ್ತಿದ್ದರು. ಫ್ರಾನ್ಸಿನ ನೌಕಾಧಿಕಾರಿ ದ್ಯುಮೋಂ ದ್ಯುರ್ವಿಲ್ 1826ರಲ್ಲಿ ಹಿಂದೂ ಮಹಾಸಾಗರದಲ್ಲಿ 30 ಮೀಟರಿಗೂ ಮೇಲಿನ ಅಲೆ ಕಂಡೆ ಅಂದಾಗ ದೊಡ್ಡ ವಿಜ್ಞಾನಿಯೇ ಆತನನ್ನು ಗೇಲಿ ಮಾಡಿದರು. ಕೊನೆಗೆ 1995ರ ಜನವರಿ 1ರಂದು ಉತ್ತರ ಸಮುದ್ರದಲ್ಲಿ ನಾರ್ವೆಗೆ ಸೇರಿದ ಡ್ರಾಪ್ನರ್ ಅನ್ನುವ, ಸಮುದ್ರದ ನಡುವಿನ ಅನಿಲ ಸ್ಥಾವರದ ಮೇಲಿದ್ದ ಲೇಸರ್ ಯಂತ್ರ 25.6 ಮೀಟರಿನ ಅಲೆಯೊಂದನ್ನು ಅಳೆದು ದಾಖಲಿಸಿತು. ಅದಾದ ಮೇಲೆ ಯಾರೂ ಆ ಮಾತನ್ನು ತಳ್ಳಿಹಾಕಲಿಲ್ಲ.

ಹಾಗಂತ ಸಮುದ್ರದಲ್ಲಿ ಕೇಳಿದ ಕತೆಯೆಲ್ಲ ನಿಜ ಅಂತಲ್ಲ. ಆರು ಮೀಟರಿನ ಅಲೆ ಮೂರು ವರ್ಷದಲ್ಲಿ ಹದಿನೈದು ಮೀಟರಾದದ್ದನ್ನು ನಾನೇ ಕೇಳಿದ್ದೇನೆ, ಅದೇ ಬಾಯಿಂದ. ಆ ಮನುಷ್ಯ ಒಳ್ಳೆಯವನು. ಬೇಕಂತ ಹೆಚ್ಚಿಸಿದ್ದಲ್ಲ.

ನಮ್ಮ ಕೆಲಸದಲ್ಲಿ ಒಂದು ಅಭ್ಯಾಸವಿದೆ. ಏನೇ ಕಂಡರೂ ಪಹರೆ ಮುಗಿಯುವ ಮೊದಲು ಪುಸ್ತಕದಲ್ಲಿ ಬರೆಯಬೇಕು. ಹೊತ್ತು, ಗಾಳಿಯ ದಿಕ್ಕು, ಕಂಡದ್ದು. "ದೊಡ್ಡದು", "ಭಯಂಕರ" ಅಂತ ಬರೆಯುವ ಹಾಗಿಲ್ಲ. ಅದು ಏನಿರಬಹುದು ಅಂತಲೂ ಬರೆಯುವ ಹಾಗಿಲ್ಲ. ಕಂಡದ್ದು ಒಂದು, ಕಂಡದ್ದರ ಅರ್ಥ ಇನ್ನೊಂದು. ಎರಡನ್ನೂ ಒಂದೇ ಸಾಲಿನಲ್ಲಿ ಬರೆದರೆ ಎರಡೂ ಕೆಡುತ್ತವೆ ಅಂತ ನನಗೆ ಕಲಿಸಿದ ಹಿರಿಯರು ಹೇಳುತ್ತಿದ್ದರು. ಮುಂಜಾವು, ಆ ದಿನ ನೀವು ಏನಾದರೂ ಬರೆದಿಟ್ಟಿರಾ ಮಗಳೇ? ಒಂದು ಸಾಲಾದರೂ? ಇದ್ದರೆ ಹುಡುಕಿ ನೋಡಿ. ಗೆಳತಿಗೆ ಸಾಕ್ಷಿ ತೋರಿಸಲು ಅಲ್ಲ. ನಿಮಗೆ ಬೇಕಾಗುತ್ತದೆ.

ನೇರಮಾತು

ದೂರದ ದೀಪ ಸರ್ ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ಅಮೆರಿಕದ ತತ್ವಶಾಸ್ತ್ರಜ್ಞ ವಿಲಿಯಂ ಜೇಮ್ಸ್ 1901 ಮತ್ತು 1902ರಲ್ಲಿ ಎಡಿನ್‌ಬರೋದಲ್ಲಿ ಕೊಟ್ಟ ಉಪನ್ಯಾಸಗಳಲ್ಲಿ ಇದನ್ನೇ ಚರ್ಚಿಸಿದ್ದರು. ಅನುಭಾವದಂಥ ಗಾಢ ಅನುಭವಕ್ಕೆ ಅದನ್ನು ಪಡೆದವರ ಮೇಲೆ ಪೂರ್ತಿ ಅಧಿಕಾರ ಇರುತ್ತದೆ, ಇರಲಿಕ್ಕೆ ಹಕ್ಕೂ ಇದೆ. ಆದರೆ ಹೊರಗಿನವರು ಅದನ್ನು ಪ್ರಶ್ನಿಸದೆ ಒಪ್ಪಬೇಕು ಅನ್ನುವ ಬಾಧ್ಯತೆ ಇಲ್ಲ. ಇದು ಅವರ ನಿಲುವು. ನನ್ನ ಸ್ನೇಹಿತೆಯ ಜೊತೆ ಈಗ ನಾನು ಇದೇ ಜಾಗದಲ್ಲಿ ನಿಂತಿದ್ದೇನೆ. ಅವಳ ಅಜ್ಜಿಯೇ ಬಂದು ನಿಂತಿದ್ದರು ಅಂತ ಅವಳು ನಂಬುತ್ತಾಳೆ. ನಾನು ನಂಬುವುದಿಲ್ಲ. ಮಂಚದ ಎಡಗಡೆ ನಿಂತಿದ್ದರು ಅಂತ ಮಾತ್ರ ನನಗೆ ಈಗ ಗೊತ್ತು.

ಬಿಳಿ ಪರದೆ

ಆಸ್ಪತ್ರೆಯಲ್ಲಿ ನರ್ಸ್ ಆಗಿ ಕೆಲಸ ಮಾಡುತ್ತೇನೆ. ಮುಂಜಾವು ಅವರೇ, ನೀವು ಬರೆದದ್ದು ದುಃಖದಲ್ಲಿರುವವರಿಗೆ ಆಗುವ ಸಹಜ ಸಂಗತಿ, ಇದಕ್ಕೆ ಹೆದರಬೇಕಿಲ್ಲ. ಆದರೆ ಇದನ್ನು ಓದುವ ಬೇರೆಯವರಿಗಾಗಿ ಹೇಳುತ್ತೇನೆ. ದನಿಗಳು ಮತ್ತೆ ಮತ್ತೆ ಬಂದು ಬೈದರೆ, ಏನಾದರೂ ಮಾಡು ಅಂತ ಆಜ್ಞೆ ಮಾಡಿದರೆ, ನಿದ್ದೆ ಊಟ ಬಿಟ್ಟುಹೋದರೆ, ಬದುಕು ಸಾಕು ಅನಿಸಿದರೆ ತಡ ಮಾಡದೆ ವೈದ್ಯರ ಹತ್ತಿರ ಹೋಗಿ. ಸ್ನೇಹಿತರಿಗೆ ಇಂಥ ಅನುಮಾನ ಬಂದರೆ "ನಿನಗೆ ಭ್ರಮೆ" ಅನ್ನಬೇಡಿ. "ನಾನೂ ಜೊತೆಗೆ ಬರ್ತೀನಿ, ಒಂದು ಸಲ ಹೋಗಿಬರೋಣ" ಅನ್ನಿ. ಭ್ರಮೆ ಅನ್ನಿಸಿಕೊಂಡವರು ಆಮೇಲೆ ಬಾಯಿ ಬಿಡುವುದಿಲ್ಲ. ಅದು ನಿಜಕ್ಕೂ ಅಪಾಯ.

ಮುಂಜಾವು

ಐದು ದಿನ ಬಿಟ್ಟು ಬರೆಯುತ್ತಿದ್ದೇನೆ, ಕ್ಷಮಿಸಿ.

ದೂರದ ದೀಪ ಅಂಕಲ್ ಕೇಳಿದ ಮೇಲೆ ಫೋನ್ ಹುಡುಕಿದೆ. ಆ ದಿನ ಬೆಳಗ್ಗೆ ಆರು ಗಂಟೆಗೆ ತಮ್ಮನಿಗೆ ಒಂದು ಮೆಸೇಜ್ ಬರೆದು ಕಳಿಸದೆ ಹಾಗೇ ಬಿಟ್ಟಿದ್ದೆ. ಅದು ಇನ್ನೂ ಇತ್ತು. "ಅಮ್ಮ ಕರೆದ ಹಾಗಾಯ್ತು ಕಣೋ. ಕತ್ತಲಲ್ಲಿ ಎದ್ದು ಕೂತೆ. ಆಮೇಲೆ ದೀಪ ಹಾಕಿ ಅವಳ ಕೋಣೆಗೆ ಹೋಗಿ ನೋಡಿದೆ."

ದೀಪ ಆಮೇಲೆ ಹಾಕಿದ್ದು. ಕರೆದ ಮೇಲೆ ಎದ್ದದ್ದು. ಮತ್ತೆ ನಾನು ಅವಳ ಕೋಣೆಗೆ ಹೋಗಿ ನೋಡಿದ್ದೆ, ಅದು ನನಗೆ ಪೂರ್ತಿ ಮರೆತೇಹೋಗಿತ್ತು.

ಓದಿದಾಗ ಕಾಲ ಕೆಳಗಿನ ನೆಲ ಜರುಗಿದಂತಾಯಿತು. ಅದೊಂದು ಮಾತ್ರ ಖಚಿತ ಅಂತ ಇಲ್ಲೇ ಬರೆದಿದ್ದೆನಲ್ಲ. ನೀಲಿ ಕೊಡೆ ಅವರೇ, ನಿಮ್ಮ ಕೆರೆಯ ಕತೆ ಓದಿರದಿದ್ದರೆ ಆ ಮೆಸೇಜನ್ನು ಅಳಿಸಿಬಿಡುತ್ತಿದ್ದೆನೋ ಏನೋ. ಒಂದು ದಿನ ಸುಮ್ಮನೆ ಇದ್ದೆ. ಆಮೇಲೆ ಅನಿಸಿತು, ದನಿ ಅಲ್ಲೂ ಇದೆ. ಬೆಳಗ್ಗೆ ಆರು ಗಂಟೆಯ ಸಾಲಿನಲ್ಲೂ ಅಮ್ಮ ಕರೆದಿದ್ದಾಳೆ.

ಅವಳಿಗೆ ಫೋನ್ ಮಾಡಿದೆ. ಬೆಂಕಿಪೊಟ್ಟಣ, ನೀವು ಬೇಡ ಅಂದಿದ್ದಿರಿ. ಆದರೆ ಅವಳ ಅಮ್ಮನ ಬಗ್ಗೆ ನಾನು ಆಡಿದ ಮಾತು ನನ್ನನ್ನು ಮಲಗಲು ಬಿಡುತ್ತಿರಲಿಲ್ಲ. ಮೊದಲು ಅದಕ್ಕೆ ಕ್ಷಮೆ ಕೇಳಿದೆ. ಅವಳು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ "ನೀನು ಊಟ ಬಿಟ್ಟಿದ್ದೆ, ತೂಕ ಇಳಿದಿತ್ತು, ಅದರ ಮೇಲೆ ಅಮ್ಮ ಕರೆದಳು ಅಂದೆ. ನೀನೂ ಎಲ್ಲಿ ಹೋಗ್ತೀಯೋ ಅಂತ ಹೆದರಿದೆ ಕಣೇ" ಅಂದಳು. ನೇರಮಾತು ಅವರು ಹೇಳಿದ್ದು ಹೀಗೇ ಅಲ್ವಾ.

ನಾನು ಅಂದೆ, "ಅದು ಏನು ಅಂತ ನೀನು ಹೇಳಬೇಡ, ನಾನೂ ಹೇಳಲ್ಲ. ಏನಾಯ್ತು ಅಂತ ಮಾತ್ರ ಹೇಳ್ತೀನಿ, ಕೊನೆವರೆಗೂ ಕೇಳ್ತೀಯಾ?" ಕೇಳಿದಳು. ದೀಪದ ವಿಷಯ ತಪ್ಪಾಗಿ ಹೇಳಿದ್ದೆ ಅಂತಲೂ ಹೇಳಿದೆ. ನೋಡು ನಾನು ಹೇಳಿರಲಿಲ್ವಾ ಅಂತ ಅನ್ನುತ್ತಾಳೆ ಅಂದುಕೊಂಡು ಉಸಿರು ಬಿಗಿ ಹಿಡಿದಿದ್ದೆ. ಅನ್ನಲಿಲ್ಲ. "ಕೋಣೆಗೆ ಹೋದಾಗ ಏನಿತ್ತು?" ಅಂತ ಕೇಳಿದಳು. ಏನಿರಲಿಲ್ಲ, ಮಂಚದ ಮೇಲೆ ಮಡಿಸಿಟ್ಟ ಹೊದಿಕೆ ಇತ್ತು. "ಹೇಗೆ ಕರೆದರು?" ಅಂದಳು. ಕರೆದು ತೋರಿಸಿದೆ. ಆ ಹೆಸರನ್ನು ಹಾಗೆ ಎಳೆದು ನನ್ನ ಬಾಯಿಂದ ಯಾವತ್ತೂ ಹೇಳಿರಲಿಲ್ಲ. ದನಿ ಅರ್ಧಕ್ಕೆ ಒಡೆದುಹೋಯಿತು.

ಅವಳು ಈಗಲೂ ಅದು ನಿದ್ದೆಗಣ್ಣಿನದೇ ಅಂತಾಳೆ. ದೀಪದ ಲೆಕ್ಕ ನೋಡಿದರೆ ಇದ್ದರೂ ಇರಬಹುದು. ನನಗೆ ಈಗ ಆ ಮಾತು ಚುಚ್ಚುತ್ತಿಲ್ಲ. ಅವಳೇ ಮತ್ತೆ ಒಂದು ಮಾತು ನೆನಪು ಮಾಡಿದಳು. ಅಮ್ಮ ಅವಳ ಹೆಸರನ್ನೂ ಹಾಗೇ ಕೊನೆಯಲ್ಲಿ ಎಳೆದು ಕರೆಯುತ್ತಿದ್ದಳಂತೆ. ನಾನು ಅದನ್ನು ಗಮನಿಸಿಯೇ ಇರಲಿಲ್ಲ.

ಫೋನ್ ನೋಡುತ್ತಾ ಕೂತಿದ್ದ ಇನ್ನೊಬ್ಬಳ ಹತ್ತಿರ ಇನ್ನೂ ಮಾತಾಡಿಲ್ಲ. ಅವಳ ಅಪ್ಪ ಹೋಗಿ ಎರಡು ವರ್ಷವಾಯಿತು. ಗಡಿಯಾರದ ಅಪ್ಪಾಜಿ ಬರೆದದ್ದನ್ನು ಮತ್ತೆ ಓದುವಾಗ ಇದು ಹೊಳೆಯಿತು. ಭಾನುವಾರ ಮೂವರೂ ಸೇರುತ್ತಿದ್ದೇವೆ. ಈ ಸಲ ಕೇಳುವವಳು ನಾನು.